ಇಪ್ಪತ್ತೆರಡು ಮೇಜಿಗೂ ಒಂದೇ ಫೋನ್ ಬೇಕೆ? ಕಚೇರಿಗೆ ಟೆಲಿಫೋನ್ ಆರಿಸುವ ಬಗೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಔಷಧಗಳ ಸಗಟು ವಿತರಣೆಯ ಸಂಸ್ಥೆ. ಒಟ್ಟು 22 ಜನ ಇದ್ದೇವೆ: ಆರ್ಡರ್ ಬರೆದುಕೊಳ್ಳುವವರು ಆರು ಮಂದಿ, ಸ್ವಾಗತದಲ್ಲಿ ಒಬ್ಬರು, ಲೆಕ್ಕಪತ್ರಕ್ಕೆ ಮೂವರು, ಗೋದಾಮಿನಲ್ಲಿ ಐವರು, ಅಂಗಡಿಗಳಿಗೆ ಓಡಾಡುವವರು ಐವರು, ಇಬ್ಬರು ಪಾಲುದಾರರು. ಈಗ ನಾಲ್ಕು ಲ್ಯಾಂಡ್‌ಲೈನ್‌ಗಳಿರುವ ಹನ್ನೆರಡು ವರ್ಷ ಹಳೆಯ ಇಪಿಎಬಿಎಕ್ಸ್ (ಕಚೇರಿಯೊಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಇದೆ. ಎರಡು ತಿಂಗಳಲ್ಲಿ ಹೊಸ ಕಟ್ಟಡಕ್ಕೆ ಹೋಗಲಿದ್ದೇವೆ. ಗೋದಾಮು ಅದರ ಹಿಂದೆ ಸುಮಾರು 60 ಮೀಟರ್ ದೂರದಲ್ಲಿದೆ. ಮಾರಾಟಗಾರರೊಬ್ಬರು ಎಲ್ಲರಿಗೂ ಬಣ್ಣದ ಟಚ್‌ಸ್ಕ್ರೀನ್ ಇರುವ 22 ಐಪಿ ಫೋನ್‌ಗಳಿಗೆ ದರಪಟ್ಟಿ ಕೊಟ್ಟಿದ್ದಾರೆ. ನಮ್ಮ ಲೆಕ್ಕಿಗರು ಮೇಜಿನ ಫೋನೇ ಬೇಡ, ಎಲ್ಲರಿಗೂ ಮೊಬೈಲ್ ಕೊಟ್ಟರೆ ಸಾಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಫೋನ್‌ಗಳ ಲೆಕ್ಕವಿದೆ, ಜನರ ಲೆಕ್ಕವಿದೆ. ನನ್ನ ಕಣ್ಣು ಮೊದಲು ಹೋದದ್ದು ಮಾತ್ರ ನಾಲ್ಕು ಲೈನ್ ಎಂಬ ಮಾತಿನ ಮೇಲೆ. ಆರ್ಡರ್ ಬರೆದುಕೊಳ್ಳಲು ಆರು ಜನ ಕುಳಿತಿದ್ದಾರೆ. ಹೊರಗಿನಿಂದ ಒಮ್ಮೆಗೆ ಒಳಬರಬಹುದಾದ ಕರೆಗಳು ನಾಲ್ಕು. ಪಾಲುದಾರರಲ್ಲಿ ಒಬ್ಬರು ಕಂಪನಿಯೊಂದರ ಜೊತೆ ಮಾತನಾಡುತ್ತಿದ್ದು, ಲೆಕ್ಕಪತ್ರದವರು ಬ್ಯಾಂಕಿಗೆ ಕರೆ ಮಾಡಿದ್ದರೆ ಉಳಿಯುವುದು ಎರಡೇ. ಬೆಳಿಗ್ಗೆ ಅಂಗಡಿ ತೆರೆದು ದಾಸ್ತಾನು ನೋಡಿ ನಿಮಗೆ ಕರೆ ಮಾಡುವ ಔಷಧ ವ್ಯಾಪಾರಿಗೆ ಆಗ ಕೇಳಿಸುವುದು ಎಂಗೇಜ್ ಸದ್ದು. ಅವರು ಎರಡು ಬಾರಿ ಪ್ರಯತ್ನಿಸಿ ಮೂರನೆಯ ಬಾರಿಗೆ ಬೇರೆ ವಿತರಕರ ಸಂಖ್ಯೆ ಒತ್ತುತ್ತಾರೆ. ಆ ಕರೆ ಬಂದಿತ್ತೆಂಬುದೇ ನಿಮಗೆ ತಿಳಿಯುವುದಿಲ್ಲ. ಮೇಜಿನ ಮೇಲೆ ಎಷ್ಟೇ ದುಬಾರಿಯ ಫೋನ್ ಇಟ್ಟರೂ ಈ ನಷ್ಟ ತಪ್ಪದು. ಆದ್ದರಿಂದ ಮಾರಾಟಗಾರರು ತೋರಿಸುವ ಕೆಟಲಾಗನ್ನು ಸದ್ಯಕ್ಕೆ ಮುಚ್ಚಿಡಿ. ಒಂದು ವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ಯಾರ ಮೇಜಿಗೆ ಎಷ್ಟು ಕರೆ ಬಂತು, ಯಾರು ಯಾರಿಗೆ ವರ್ಗಾಯಿಸಿದರು, ನಾಲ್ಕೂ ಲೈನ್ ಏಕಕಾಲಕ್ಕೆ ತುಂಬಿದ್ದು ಎಷ್ಟು ಸಲ ಎಂಬುದನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ಲೆಕ್ಕ ಹಾಕಿಸಿ. ಯಾವ ಫೋನ್ ಬೇಕು ಎಂಬ ಪ್ರಶ್ನೆಗೆ ಆ ಹಾಳೆಯಲ್ಲೇ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ.

ಎಲ್ಲರಿಗೂ ಮೊಬೈಲ್ ಕೊಡುವ ಸಲಹೆಯನ್ನು ನಾನು ಒಪ್ಪಲಾರೆ. ಓಡಾಡುವ ಐವರಿಗೆ ಅದೇ ಸರಿ; ಅವರಿಗೆ ಮೇಜಿನ ಫೋನ್ ಕೊಂಡರೆ ದಿನವಿಡೀ ಅದು ಧೂಳು ಹಿಡಿಯುತ್ತದೆ. ಆರ್ಡರ್ ವಿಭಾಗದಲ್ಲಿ ಹಾಗಲ್ಲ. ಅಲ್ಲಿ ಸಂಖ್ಯೆ ಸಂಸ್ಥೆಯದಾಗಿರಬೇಕು, ವ್ಯಕ್ತಿಯದಾಗಿರಬಾರದು. ಹತ್ತು ವರ್ಷ ದುಡಿದ ಸಿಬ್ಬಂದಿ ಕೆಲಸ ಬಿಟ್ಟ ದಿನ ಇನ್ನೂರು ಅಂಗಡಿಗಳ ಪರಿಚಯವೂ ಅವರ ಮೊಬೈಲ್ ಸಂಖ್ಯೆಯ ಜೊತೆಗೇ ಹೊರಟುಹೋಗುವುದನ್ನು ನಾನು ಕಂಡಿದ್ದೇನೆ. ಅದೂ ಅಲ್ಲದೆ, ಒಬ್ಬರು ಕರೆಯಲ್ಲಿದ್ದಾಗ ಮುಂದಿನ ಕರೆ ತಾನಾಗಿಯೇ ಪಕ್ಕದವರಿಗೆ ಹೋಗುವ ಅನುಕೂಲವೂ ಬಿಡಿಬಿಡಿ ಮೊಬೈಲ್‌ಗಳಲ್ಲಿ ಇರುವುದಿಲ್ಲ.

ಇನ್ನು ಫೋನ್‌ಗಳ ಬಗೆ. ಕಚೇರಿಯ ಮೇಜಿಗೆ ಬರುವ ಫೋನ್‌ಗಳು ಮೂರು ಜಾತಿಯವು. ಒಂದು, ಎರಡು ತಂತಿಯ ಸಾದಾ ಅನಲಾಗ್ ಫೋನ್. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಯಾರಿಸಿದ, ಬೆರಳಿಟ್ಟು ತಿರುಗಿಸುವ ಕಪ್ಪು ಫೋನ್‌ನ ವಂಶಕ್ಕೇ ಇದೂ ಸೇರಿದ್ದು. ಎರಡನೆಯದು, ಒಂದೊಂದು ಕಂಪನಿ ತನ್ನ ಎಕ್ಸ್‌ಚೇಂಜ್‌ಗಾಗಿಯೇ ಮಾಡುವ ಡಿಜಿಟಲ್ ಫೋನ್. ಆ ಕಂಪನಿಯ ಪೆಟ್ಟಿಗೆಯ ಹೊರತು ಬೇರೆಲ್ಲಿಯೂ ಅದು ಕೆಲಸ ಮಾಡುವುದಿಲ್ಲ. ಮೂರನೆಯದು ಐಪಿ ಫೋನ್. ಕಂಪ್ಯೂಟರ್ ಜಾಲದ ಕೇಬಲ್ಲಿಗೇ ಇದನ್ನು ಜೋಡಿಸುತ್ತೇವೆ, ಸಿಪ್ ಎಂಬ ಮುಕ್ತ ನಿಯಮಾವಳಿಯ ಪ್ರಕಾರ ಇದು ಎಕ್ಸ್‌ಚೇಂಜ್‌ನೊಂದಿಗೆ ವ್ಯವಹರಿಸುತ್ತದೆ. ಹೊಸದಾಗಿ ಕೊಳ್ಳುವವರು ಎರಡನೆಯ ಜಾತಿಯ ಕಡೆಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತಯಾರಕರು ಆ ಸರಣಿಯನ್ನು ನಿಲ್ಲಿಸಿದ ದಿನದಿಂದ ನೀವು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಬೇಕಾಗುತ್ತದೆ. ಉಳಿದ ಎರಡರಲ್ಲಿ ಯಾವುದನ್ನೂ ಹಳತೆಂದು ತಳ್ಳಬೇಕಿಲ್ಲ. ನಿಮಗೆ ಎರಡೂ ಬೇಕಾಗುತ್ತವೆ.

ಆರ್ಡರ್ ವಿಭಾಗದ ಆರು ಮೇಜುಗಳೇ ನಿಮ್ಮ ವ್ಯಾಪಾರದ ಹೃದಯ. ಹಣವನ್ನು ಅಲ್ಲಿ ಸುರಿಯಿರಿ. ಸುರಿಯಬೇಕಾದದ್ದು ಪರದೆಗಲ್ಲ, ಹೆಡ್‌ಸೆಟ್ಟಿಗೆ. ಕಂಪ್ಯೂಟರಿನಲ್ಲಿ ಆರ್ಡರ್ ದಾಖಲಿಸುವವರನ್ನು ಒಮ್ಮೆ ದೂರದಿಂದ ಗಮನಿಸಿ ನೋಡಿ: ಎರಡೂ ಕೈ ಕೀಬೋರ್ಡಿನ ಮೇಲಿರುತ್ತದೆ, ರಿಸೀವರ್ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿರುತ್ತದೆ, ತಲೆ ಒಂದು ಕಡೆಗೆ ವಾಲಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವರು ಕುತ್ತಿಗೆ ತಿಕ್ಕಿಕೊಳ್ಳುವುದು ಕಾಣುತ್ತದೆ. ಫೋನಿಗೆ ಹೆಡ್‌ಸೆಟ್‌ಗೆಂದೇ ಪ್ರತ್ಯೇಕ ಕಿಂಡಿ ಇರಬೇಕು, ಹೆಡ್‌ಸೆಟ್ ಗುಂಡಿ ಒತ್ತಿದರೆ ರಿಸೀವರ್ ಎತ್ತದೆಯೇ ಕರೆ ಸ್ವೀಕಾರವಾಗಬೇಕು. ಆರು ಜನ ಅಕ್ಕಪಕ್ಕ ಕೂರುವುದರಿಂದ ಪಕ್ಕದವರ ದನಿಯನ್ನು ತಗ್ಗಿಸುವ ಮೈಕ್ ಇರುವ, ತಂತಿಯ ಹೆಡ್‌ಸೆಟ್ ಸಾಕು. ದಿನವಿಡೀ ಬಳಸುವ ಮೇಜಿಗೆ ತಂತಿರಹಿತವನ್ನು ನಾನು ಸಲಹೆ ಮಾಡುವುದಿಲ್ಲ. ಅದರ ಬ್ಯಾಟರಿ ಎರಡು ಮೂರು ವರ್ಷಗಳಲ್ಲಿ ಸೊರಗುತ್ತದೆ.

ದನಿಯ ಸ್ಪಷ್ಟತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ವ್ಯಾಪಾರದಲ್ಲಿ ಒಂದು ಅಕ್ಷರ ತಪ್ಪಾಗಿ ಕೇಳಿಸಿದರೂ ಬೇರೆ ಔಷಧ ಹೋಗಬಹುದು. ಹಳೆಯ ಟೆಲಿಫೋನ್ ಜಾಲ ಮನುಷ್ಯನ ದನಿಯಲ್ಲಿ 300ರಿಂದ 3400 ಹರ್ಟ್ಸ್ ವರೆಗಿನ ಪಟ್ಟಿಯನ್ನು ಮಾತ್ರ ಸಾಗಿಸುತ್ತದೆ. ‘ಎಸ್’ ಮತ್ತು ‘ಎಫ್’ ಅಕ್ಷರಗಳನ್ನು ಬೇರ್ಪಡಿಸುವ ಉಸಿರಿನ ಸದ್ದು ಬಹುಪಾಲು ಅದಕ್ಕಿಂತ ಮೇಲಿದೆ. ಆದ್ದರಿಂದಲೇ ಫೋನಿನಲ್ಲಿ ಔಷಧದ ಹೆಸರು ಹೇಳುವಾಗ ‘ಎಸ್ ಫಾರ್ ಸಾಗರ’ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಐಪಿ ಫೋನ್‌ಗಳಲ್ಲಿ ಜಿ.722 ಎಂಬ ಸಂಕೇತ ಕ್ರಮ ಇದ್ದರೆ ಈ ಪಟ್ಟಿ 50ರಿಂದ 7000 ಹರ್ಟ್ಸ್ ವರೆಗೆ ಹಿಗ್ಗುತ್ತದೆ. ಮಾರಾಟಗಾರರು ಇದನ್ನೇ ಎಚ್‌ಡಿ ದನಿ ಎಂದು ಕರೆಯುವುದು. ಆದರೆ ಅವರು ಸಾಮಾನ್ಯವಾಗಿ ಹೇಳದ ಒಂದು ಮಾತಿದೆ: ಕರೆ ಸಾಗುವ ಹಾದಿಯುದ್ದಕ್ಕೂ ಆ ಸಂಕೇತ ಇದ್ದರೆ ಮಾತ್ರ ಅದರ ಪ್ರಯೋಜನ. ಅಂಗಡಿಯವರ ಕರೆ ಲ್ಯಾಂಡ್‌ಲೈನ್ ಜಾಲದ ಮೂಲಕ ನಿಮಗೆ ತಲುಪುವಾಗ ಬಹುತೇಕ ಆ ಹಳೆಯ ಕಿರಿದಾದ ಪಟ್ಟಿಯಲ್ಲೇ ತಲುಪುತ್ತದೆ. ನಿಮ್ಮ ಆರ್ಡರ್ ಮೇಜಿಗೂ ಲೆಕ್ಕಪತ್ರದ ಮೇಜಿಗೂ ನಡುವಿನ ಒಳಕರೆಯಲ್ಲಷ್ಟೇ ಎಚ್‌ಡಿ ಕೇಳಿಸುತ್ತದೆ. ಹೀಗಾಗಿ ಅದಕ್ಕಾಗಿಯೇ ಹೆಚ್ಚು ಬೆಲೆ ತೆರಬೇಡಿ. ಈಗ ಅಗ್ಗದ ಐಪಿ ಫೋನ್‌ಗಳಲ್ಲಿಯೂ ಅದು ಬಂದೇ ಬರುತ್ತದೆ. ಹೊರಗಿನ ಕರೆಯ ಸ್ಪಷ್ಟತೆ ನಿರ್ಧಾರವಾಗುವುದು ಹೆಡ್‌ಸೆಟ್ಟಿನ ಗುಣದಿಂದ ಮತ್ತು ನಿಮ್ಮ ಒಳಜಾಲದ ಶಿಸ್ತಿನಿಂದ.

ಖರೀದಿಗೆ ಮೊದಲು ಮಾದರಿಗೆ ಎರಡು ಫೋನ್ ತರಿಸಿ, ಒಂದನ್ನು ಆರ್ಡರ್ ವಿಭಾಗದ ಅತ್ಯಂತ ಗದ್ದಲದ ಮೇಜಿನ ಮೇಲಿಟ್ಟು ಒಂದು ವಾರ ಬಳಸಲು ಕೊಡಿ. ಗೋದಾಮಿನಿಂದ ಒಬ್ಬರು ಇಪ್ಪತ್ತು ಔಷಧಗಳ ಹೆಸರನ್ನೂ ಸಂಖ್ಯೆಯನ್ನೂ ಓದಲಿ, ಇನ್ನೊಬ್ಬರು ಬರೆದುಕೊಳ್ಳಲಿ; ಎಂಬತ್ತು ತೊಂಬತ್ತಾಗಿದೆಯೇ ನೋಡಿ. ರಿಸೀವರನ್ನು ಇಟ್ಟಾಗ ಅದು ತೊಟ್ಟಿಲಲ್ಲಿ ಸರಿಯಾಗಿ ಕೂರುತ್ತದೆಯೇ, ಆತುರದಲ್ಲಿ ಇಟ್ಟರೆ ಅರ್ಧ ಎದ್ದು ಲೈನ್ ತೆರೆದೇ ಉಳಿಯುತ್ತದೆಯೇ ಎಂಬುದನ್ನು ಪರೀಕ್ಷಿಸಿ. ಹೋಲ್ಡ್ ಮತ್ತು ಟ್ರಾನ್ಸ್‌ಫರ್ ಗುಂಡಿಗಳು ಪರದೆಯ ಮೆನುವಿನೊಳಗೆ ಅಡಗಿರದೆ ಮೈಮೇಲೆಯೇ ಪ್ರತ್ಯೇಕವಾಗಿರಬೇಕು. ಟಚ್‌ಸ್ಕ್ರೀನ್ ಬಗ್ಗೆ ನನ್ನ ಆಕ್ಷೇಪ ಇರುವುದು ಇಲ್ಲಿಯೇ: ದಿನಕ್ಕೆ ಎಂಬತ್ತು ಕರೆ ಸ್ವೀಕರಿಸುವವರು ಗುಂಡಿಯನ್ನು ಕಣ್ಣಿಂದ ನೋಡುವುದಿಲ್ಲ, ಬೆರಳಿನಿಂದಲೇ ಹುಡುಕುತ್ತಾರೆ. ನುಣುಪಾದ ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ಪರದೆಯಲ್ಲಿ ಕನ್ನಡದ ಹೆಸರುಗಳು ಕಾಣಿಸುತ್ತವೆಯೇ ಎಂದು ಕೂಡ ನೋಡಿಕೊಳ್ಳಿ. ನಾನು ಜೋಡಿಸಿದ ಬಹಳಷ್ಟು ಫೋನ್‌ಗಳಲ್ಲಿ ಒತ್ತಕ್ಷರಗಳು ಒಡೆದು ಚೌಕಗಳಾಗಿ ಕಂಡಿವೆ. ಸಿಬ್ಬಂದಿ ಕನ್ನಡದಲ್ಲೇ ಹೆಸರು ಓದಬೇಕೆಂಬುದು ನ್ಯಾಯವಾದ ಬೇಡಿಕೆ, ತಯಾರಕರಿಗೆ ಅದನ್ನು ಬರೆದು ತಿಳಿಸಿ.

ಸ್ವಾಗತದ ಮೇಜಿಗೆ ಒಂದೇ ಒಂದು ದೊಡ್ಡ ಫೋನ್ ಬೇಕು. ಯಾರು ಕರೆಯಲ್ಲಿದ್ದಾರೆ, ಯಾರು ಖಾಲಿ ಇದ್ದಾರೆ ಎಂಬುದನ್ನು ಕೆಂಪು ಹಸಿರು ದೀಪಗಳಲ್ಲಿ ತೋರಿಸುವ ಗುಂಡಿಗಳು ಅದರಲ್ಲಿ ಕನಿಷ್ಠ ಹದಿನಾರು ಇರಲಿ. ಲೆಕ್ಕಪತ್ರದ ಮೂವರಿಗೆ ಎರಡು ಲೈನ್ ಗುಂಡಿಯ ಸಾದಾ ಐಪಿ ಫೋನ್ ಸಾಕು. ಪಾಲುದಾರರ ಕೋಣೆಗಳಲ್ಲಿ ಮುಖ್ಯವಾದದ್ದು ಸ್ಪೀಕರ್‌ಫೋನ್. ಇಬ್ಬರೂ ಒಟ್ಟಿಗೆ ಮಾತನಾಡಿದಾಗ ಒಬ್ಬರ ದನಿ ಕತ್ತರಿಸಿಹೋಗದಂತಹ, ಪ್ರತಿಧ್ವನಿ ಅಳಿಸುವ ಗುಣ ಚೆನ್ನಾಗಿರುವ ಮಧ್ಯಮ ದರ್ಜೆಯ ಫೋನ್ ಅಲ್ಲಿಗೆ ಹೊಂದುತ್ತದೆ. ಬಣ್ಣದ ಪರದೆ ಬೇಕೇ ಬೇಕೆನಿಸಿದರೆ ಆ ಎರಡು ಕೋಣೆಗಳಿಗೆ ಮಾತ್ರ ಇರಲಿ.

ಗೋದಾಮಿಗೆ ಐಪಿ ಫೋನ್ ಬೇಡ ಎಂಬುದು ನನ್ನ ಸಲಹೆ. ಅಲ್ಲಿ ಬೇಕಾದದ್ದು ಜೋರಾದ ಗಂಟೆ, ಗೋಡೆಗೆ ನೇತುಹಾಕುವ ಅನುಕೂಲ, ಧೂಳಿಗೂ ಕೈತಪ್ಪಿಗೂ ಜಗ್ಗದ ಗಟ್ಟಿತನ. ಸಾಮಾನ್ಯ ಅನಲಾಗ್ ಫೋನ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಸರಕಿನ ಪೆಟ್ಟಿಗೆ ಬಿದ್ದು ಫೋನ್ ಒಡೆದರೆ ಅದೇ ದಿನ ಹೊಸದನ್ನು ತಂದು ಹಾಕಬಹುದು. ರವಾನೆಯ ಮೇಜಿಗೆ ಒಂದು, ಕಪಾಟುಗಳ ನಡುವೆ ಗೋಡೆಗೆ ಒಂದು, ಲಸಿಕೆ ಮತ್ತು ಇನ್ಸುಲಿನ್ ಇಡುವ ಶೀತಕೋಣೆಯ ಬಾಗಿಲ ಹೊರಗೆ ಒಂದು, ಕಾವಲುಗಾರರಿಗೆ ಒಂದು ಎಂದು ನಾಲ್ಕು ಸಾಕಾಗುತ್ತವೆ. ಶೀತಕೋಣೆಯ ಒಳಗೆ ಫೋನ್ ಹಾಕಿಸಬೇಡಿ. 2ರಿಂದ 8 ಡಿಗ್ರಿಯ ಕೋಣೆಯ ಬಾಗಿಲು ಪ್ರತಿ ಸಲ ತೆರೆದಾಗಲೂ ತಣ್ಣನೆಯ ಯಂತ್ರದ ಮೇಲೆ ತೇವ ಕಟ್ಟುತ್ತದೆ, ಒಳಗಿನ ತಾಮ್ರ ಹಸಿರುಗಟ್ಟುತ್ತದೆ.

ಕಚೇರಿಗೂ ಗೋದಾಮಿಗೂ ನಡುವೆ 60 ಮೀಟರ್ ಬಯಲಿದೆ ಎಂದಿದ್ದೀರಿ. ಜಾಲದ ತಾಮ್ರದ ಕೇಬಲ್ 100 ಮೀಟರ್ ವರೆಗೆ ಕೆಲಸ ಮಾಡುವುದರಿಂದ ದೂರದ ತೊಡಕಿಲ್ಲ. ತೊಡಕಿರುವುದು ಸಿಡಿಲಿನದು. ಶಿರಸಿಯ ಒಂದು ಅಡಿಕೆ ವ್ಯಾಪಾರದ ಕಚೇರಿಯಲ್ಲಿ ಮುಂಗಾರಿಗೆ ಮುಂಚಿನ ಒಂದು ಸಂಜೆ, ಹಿಂದಿನ ಶೆಡ್ಡಿಗೆ ಎಳೆದಿದ್ದ ತಂತಿಯ ಮೂಲಕ ಬಂದ ಆಘಾತಕ್ಕೆ ಎಕ್ಸ್‌ಚೇಂಜ್‌ನ ಎಂಟು ಎಕ್ಸ್‌ಟೆನ್ಷನ್‌ಗಳ ಕಾರ್ಡ್ ಕಪ್ಪಾದದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಸುಟ್ಟ ವಾಸನೆ ಮರುದಿನವೂ ಹೋಗಿರಲಿಲ್ಲ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಸಿ, ಗೋದಾಮಿನ ತುದಿಯಲ್ಲಿ ಅನಲಾಗ್ ಫೋನ್‌ಗಳನ್ನು ಐಪಿ ಜಾಲಕ್ಕೆ ಸೇರಿಸುವ ನಾಲ್ಕು ಪೋರ್ಟಿನ ಅಡಾಪ್ಟರ್ ಇಡಿಸಿ. ಗಾಜಿನ ಎಳೆಯಲ್ಲಿ ಆಘಾತ ಹರಿಯುವುದಿಲ್ಲ; ಎಳೆಯ ಜೊತೆಗೆ ಬಲಕ್ಕಾಗಿ ಉಕ್ಕಿನ ತಂತಿ ಇರುವ ಫೈಬರ್ ಮಾತ್ರ ಬೇಡವೆಂದು ಕೆಲಸದವರಿಗೆ ಹೇಳಿ.

ಐಪಿ ಫೋನ್ ಕೊಳ್ಳುವಾಗ ಎಲ್ಲರೂ ಮರೆಯುವುದು ಅದರ ಬೆನ್ನ ಹಿಂದಿನ ಎರಡು ಕಿಂಡಿಗಳನ್ನು. ಒಂದಕ್ಕೆ ಜಾಲದ ಕೇಬಲ್ ಬರುತ್ತದೆ, ಇನ್ನೊಂದರಿಂದ ಮೇಜಿನ ಕಂಪ್ಯೂಟರಿಗೆ ಹೋಗುತ್ತದೆ. ಅಗ್ಗದ ಮಾದರಿಗಳಲ್ಲಿ ಈ ಕಿಂಡಿಗಳ ವೇಗ 100 ಮೆಗಾಬಿಟ್ ಮಾತ್ರ. ಕಂಪ್ಯೂಟರೂ, ಜಾಲದ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚೂ ಗಿಗಾಬಿಟ್ (1000 ಮೆಗಾಬಿಟ್) ಆಗಿದ್ದು ನಡುವೆ ಫೋನ್ ಮಾತ್ರ ನಿಧಾನವಾಗಿದ್ದರೆ ಇಡೀ ಮೇಜು ನಿಧಾನವಾಗುತ್ತದೆ. ಒಂದು ಕಚೇರಿಯಲ್ಲಿ ಹೊಸ ಫೋನ್ ಹಾಕಿದ ವಾರದಿಂದ ಬಿಲ್ಲಿಂಗ್ ತಂತ್ರಾಂಶ ತೆವಳುತ್ತಿದೆ ಎಂದು ಎಲ್ಲರೂ ತಂತ್ರಾಂಶದವರನ್ನು ದೂರುತ್ತಿದ್ದರು. ಕಾರಣ ಈ ಕಿಂಡಿಯಾಗಿತ್ತು. ಕಂಪ್ಯೂಟರ್ ಇರುವ ಮೇಜಿಗೆ ಗಿಗಾಬಿಟ್ ಮಾದರಿಯನ್ನೇ ಕೇಳಿ, ಇಲ್ಲವೇ ಹೊಸ ಕಟ್ಟಡದಲ್ಲಿ ಗೋಡೆಯ ಕೆಲಸ ಮುಗಿಯುವ ಮೊದಲು ಪ್ರತಿ ಮೇಜಿಗೂ ಎರಡು ಕೇಬಲ್ ಎಳೆಸಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ.

ವಿದ್ಯುತ್ತಿನ ಲೆಕ್ಕವೂ ಈಗಲೇ ಆಗಬೇಕು. ಹಳೆಯ ಲ್ಯಾಂಡ್‌ಲೈನ್ ಫೋನಿಗೆ ದೂರವಾಣಿ ಸಂಸ್ಥೆಯ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಕರೆಂಟ್ ಹೋದರೂ ಅದು ಜೀವಂತವಾಗಿರುತ್ತಿತ್ತು. ಐಪಿ ಫೋನ್ ಹಾಗಲ್ಲ. ಪ್ರತಿ ಫೋನಿಗೂ ಒಂದು ಅಡಾಪ್ಟರ್ ಸಿಕ್ಕಿಸುವ ಬದಲು ಜಾಲದ ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ಪಿಒಇ ಸ್ವಿಚ್ ತೆಗೆದುಕೊಳ್ಳಿ, ಅದೊಂದನ್ನೇ ಯುಪಿಎಸ್‌ಗೆ ಸೇರಿಸಿ. ನಿಮಗೆ ಬೇಕಾಗುವ ಐಪಿ ಫೋನ್‌ಗಳು ಹನ್ನೆರಡು. ಸಾದಾ ಫೋನ್ ಬಳಸುವುದು ನಾಲ್ಕೈದು ವಾಟ್ ಅಷ್ಟೆ, ಆದರೆ ಫೋನ್ ತನಗೆ ಬೇಕಾದ ವಿದ್ಯುತ್ತಿನ ವರ್ಗವನ್ನು 3 ಎಂದು ಘೋಷಿಸಿಕೊಂಡರೆ ಕೆಲವು ಸ್ವಿಚ್‌ಗಳು ಅದರ ಹೆಸರಿನಲ್ಲಿ 15.4 ವಾಟ್ ಕಾಯ್ದಿರಿಸಿಬಿಡುತ್ತವೆ. ಹನ್ನೆರಡಕ್ಕೆ ಸುಮಾರು 185 ವಾಟ್ ಆಯಿತು. ವರ್ಗ 2ರ ಫೋನ್‌ಗಳಾದರೆ ತಲಾ 7ರಂತೆ 84 ವಾಟ್ ಸಾಕು. ಸ್ವಿಚ್‌ನ ಒಟ್ಟು ಸಾಮರ್ಥ್ಯವನ್ನು ಈ ಲೆಕ್ಕ ನೋಡಿ ಆರಿಸಿ. ಫೈಬರ್ ಸಂಪರ್ಕದ ಮೋಡೆಮ್, ರೂಟರ್, ಎಕ್ಸ್‌ಚೇಂಜ್ ಈ ಮೂರೂ ಅದೇ ಯುಪಿಎಸ್‌ನ ಮೇಲೆ ಇರಲೇಬೇಕು. ಫೋನಿನ ದೀಪ ಉರಿಯುತ್ತಿದ್ದು ಮೋಡೆಮ್ ಆರಿಹೋಗಿದ್ದರೆ ಪ್ರಯೋಜನವಿಲ್ಲ. ಗೋದಾಮಿನ ಅಡಾಪ್ಟರಿಗೂ ಅಲ್ಲಿಯೇ ಒಂದು ಚಿಕ್ಕ ಯುಪಿಎಸ್ ಬೇಕು.

ಈಗ ಮೊದಲು ಹೇಳಿದ ಲೈನ್‌ಗಳ ವಿಷಯಕ್ಕೆ ಮರಳುತ್ತೇನೆ. ಪರವಾನಗಿ ಹೊಂದಿದ ಟೆಲಿಕಾಂ ಸಂಸ್ಥೆಯಿಂದ ಸಿಪ್ ಟ್ರಂಕ್, ಅಂದರೆ ತಾಮ್ರದ ಲೈನುಗಳ ಬದಲು ಫೈಬರಿನಲ್ಲೇ ಹಲವು ಕರೆ ಸಾಗಿಸುವ ಸಂಪರ್ಕ, ಪಡೆದರೆ ಒಂದೇ ಸಂಖ್ಯೆಯ ಮೇಲೆ ಎಂಟು ಹತ್ತು ಕರೆಗಳು ಏಕಕಾಲಕ್ಕೆ ಬರಬಹುದು. ಎಲ್ಲರೂ ಮಾತಿನಲ್ಲಿದ್ದರೆ ಬಂದವರು ಎಂಗೇಜ್ ಸದ್ದಿನ ಬದಲು ಸರದಿಯಲ್ಲಿ ಕಾಯುತ್ತಾರೆ. ಒಂದು ಕರೆ, ಹಳೆಯ ಕಿರಿದಾದ ಪಟ್ಟಿಯ ಜಿ.711 ಸಂಕೇತದಲ್ಲಿ, ಎರಡೂ ದಿಕ್ಕಿನಲ್ಲಿ ಸೆಕೆಂಡಿಗೆ ತಲಾ 87 ಕಿಲೋಬಿಟ್‌ನಷ್ಟು ಜಾಗ ತೆಗೆದುಕೊಳ್ಳುತ್ತದೆ, ಎಂಟು ಕರೆಗೆ ಸುಮಾರು 700 ಕಿಲೋಬಿಟ್. ಇಂದಿನ ಫೈಬರಿಗೆ ಅದು ಏನೇನೂ ಅಲ್ಲ. ಆದರೂ ಯಾರೋ ದೊಡ್ಡ ಕಡತ ಕಳಿಸುವ ಹೊತ್ತಿನಲ್ಲಿ ದನಿ ತುಂಡಾಗುವುದುಂಟು. ಆದ್ದರಿಂದ ಫೋನ್‌ಗಳಿಗೆ ವಿಎಲ್ಎಎನ್, ಅಂದರೆ ಅದೇ ಜಾಲದೊಳಗೆ ಮೀಸಲಾದ ಪ್ರತ್ಯೇಕ ಹಾದಿ, ಮಾಡಿಸಿ, ರೂಟರಿನಲ್ಲಿ ದನಿಗೆ ಮೊದಲ ಪ್ರಾಶಸ್ತ್ಯ ಕೊಡಿಸಿ.

ಹಳೆಯ ಸಂಖ್ಯೆಯನ್ನು ಮಾತ್ರ ಕಳೆದುಕೊಳ್ಳಬೇಡಿ. ಅದು ನೂರಾರು ಅಂಗಡಿಗಳ ಗೋಡೆಯ ಮೇಲೆ ಬರೆದಿರುತ್ತದೆ. ಮೊಬೈಲ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವಂತೆ ನಮ್ಮಲ್ಲಿ 0836 ಸಂಕೇತದ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಒಯ್ಯಲಾಗುವುದಿಲ್ಲ. ಈಗಿನ ಸಂಸ್ಥೆಯೇ ಅದನ್ನು ಹೊಸ ವಿಳಾಸದ ಫೈಬರಿಗೆ, ಸಾಧ್ಯವಾದರೆ ಸಿಪ್ ಟ್ರಂಕಿಗೆ, ವರ್ಗಾಯಿಸಿಕೊಡುತ್ತದೆಯೇ ಎಂದು ಈ ವಾರವೇ ಲಿಖಿತವಾಗಿ ಕೇಳಿ. ಆಗದೆಂದರೆ ಆ ಒಂದು ಲೈನನ್ನು ಹೊರಗಿನ ಲೈನ್ ಜೋಡಿಸುವ ಎಫ್‌ಎಕ್ಸ್‌ಒ ಪೋರ್ಟಿನ ಮೂಲಕ ಹೊಸ ಎಕ್ಸ್‌ಚೇಂಜಿಗೆ ಸೇರಿಸಬಹುದು. ಅಲ್ಲಿ ಒಂದು ಎಚ್ಚರಿಕೆ: ಕರೆ ಮಾಡಿದವರು ಫೋನ್ ಇಟ್ಟರೂ ಲೈನ್ ಬಿಡುಗಡೆಯಾಗದೆ ಸಿಕ್ಕಿಕೊಳ್ಳುವುದು ಈ ಜೋಡಣೆಯ ಹಳೆಯ ರೋಗ. ಕರೆ ಮುಗಿದದ್ದನ್ನು ಎಕ್ಸ್‌ಚೇಂಜ್ ಪೆಟ್ಟಿಗೆ ತಿಳಿಯುವುದು ಆಗ ಲೈನಿನಲ್ಲಿ ಬರುವ ಎಂಗೇಜ್ ಸದ್ದಿನಿಂದ. ನಮ್ಮ ದೇಶದ ಎಂಗೇಜ್ ಸದ್ದು 400 ಹರ್ಟ್ಸ್‌ನದು, ಮುಕ್ಕಾಲು ಸೆಕೆಂಡು ಸದ್ದು, ಮುಕ್ಕಾಲು ಸೆಕೆಂಡು ಮೌನ. ಪೆಟ್ಟಿಗೆಯಲ್ಲಿ ಬೇರೆ ದೇಶದ ಸದ್ದಿನ ಅಳತೆ ಇದ್ದರೆ ಅದಕ್ಕೆ ಕರೆ ಮುಗಿದದ್ದು ಗೊತ್ತಾಗುವುದಿಲ್ಲ. ಜೋಡಿಸುವವರ ಎದುರಿಗೆ ಹತ್ತು ಬಾರಿ ಹೊರಗಿನಿಂದ ಕರೆ ಮಾಡಿ, ಹತ್ತು ಬಾರಿಯೂ ಮೊದಲು ಹೊರಗಿನವರೇ ಫೋನ್ ಇಟ್ಟು ಪರೀಕ್ಷಿಸಿ.

ಡಯಲ್ ಮಾಡುವ ನಿಯಮಗಳನ್ನೂ ಆಗಲೇ ನೋಡಿಕೊಳ್ಳಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಮೊದಲು ಸೊನ್ನೆ ಒತ್ತಬೇಕು; ಅದನ್ನು ಎಕ್ಸ್‌ಚೇಂಜ್ ತಾನೇ ಸೇರಿಸುವಂತೆ ಬರೆಸಬಹುದು. ತುರ್ತು ಸಂಖ್ಯೆ 112 ಮಾತ್ರ ಯಾವ ಫೋನಿನಿಂದಲಾದರೂ, ಹೊರಗಿನ ಲೈನ್ ಹಿಡಿಯಲು ಮೊದಲು ಒತ್ತುವ ಒಂಬತ್ತನ್ನು ಒತ್ತದೆಯೂ ಒತ್ತಿಯೂ, ಹೋಗುವಂತಿರಬೇಕು. ಗೋದಾಮಿನಲ್ಲಿ ಬೆಂಕಿ ಕಾಣಿಸಿದಾಗ ಕೈ ನಡುಗುವವರಿಗೆ ಒಂಬತ್ತರ ನಿಯಮ ನೆನಪಿರುವುದಿಲ್ಲ. ಇದನ್ನು ಪರೀಕ್ಷಿಸದೆ ನಾನು ಯಾವ ಕೆಲಸವನ್ನೂ ಮುಗಿಯಿತೆಂದು ಸಹಿ ಮಾಡುವುದಿಲ್ಲ.

ಮಾರಾಟಗಾರರಿಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಬೆಲೆ ಕೊನೆಯದಾಗಿರಲಿ. ಸಾದಾ ಐಪಿ ಫೋನ್ ಮೂರು ನಾಲ್ಕು ಸಾವಿರಕ್ಕೆ ಸಿಗುತ್ತದೆ, ಮಧ್ಯಮ ದರ್ಜೆಯದು ಅದರ ಎರಡರಷ್ಟು ಆಗಬಹುದು, ಮೇಲೆ 18 ಪ್ರತಿಶತ ಜಿಎಸ್‌ಟಿ. ಯೀಲಿಂಕ್, ಗ್ರಾಂಡ್‌ಸ್ಟ್ರೀಮ್, ಫ್ಯಾನ್‌ವಿಲ್, ವಡೋದರದ ಮ್ಯಾಟ್ರಿಕ್ಸ್ ಇವು ನಮ್ಮ ಮಾರುಕಟ್ಟೆಯಲ್ಲಿ ಕಾಣುವ ಹೆಸರುಗಳು. ಹೆಸರಿಗಿಂತ ಮುಖ್ಯವಾದದ್ದು ಹುಬ್ಬಳ್ಳಿ ಧಾರವಾಡದಲ್ಲೇ ದುರಸ್ತಿಗೆ ಬರುವ ಮನುಷ್ಯ ಇದ್ದಾರೆಯೇ ಎಂಬುದು. ಫೋನ್ ಯಾವುದೇ ಸೇವಾದಾರರಿಗೆ ಬೀಗ ಹಾಕಿಸಿಕೊಂಡಿಲ್ಲ, ಬೇರೆ ಸಿಪ್ ಎಕ್ಸ್‌ಚೇಂಜಿಗೂ ಸೇರುತ್ತದೆ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಎಕ್ಸ್‌ಚೇಂಜಿಗೆ ಟಿಇಸಿ (ಕೇಂದ್ರ ದೂರಸಂಪರ್ಕ ಇಲಾಖೆಯ ಟೆಲಿಕಾಂ ಎಂಜಿನಿಯರಿಂಗ್ ಸೆಂಟರ್) ಪ್ರಮಾಣಪತ್ರದ ಪ್ರತಿ ಕೇಳಿ. ಎಕ್ಸ್‌ಚೇಂಜನ್ನು ಕಚೇರಿಯಲ್ಲಿಡದೆ ಇಂಟರ್ನೆಟ್ ಮೂಲಕ ಒದಗಿಸುವ ಕ್ಲೌಡ್ ಸೇವೆ ಕೊಡುತ್ತೇವೆ ಎಂದರೆ ತಿಂಗಳಿಗೆ ತಲಾ ಎಷ್ಟು, ಇಂಟರ್ನೆಟ್ ನಿಂತಾಗ ಕಚೇರಿಯಿಂದ ಗೋದಾಮಿಗೆ ಒಳಕರೆಯಾದರೂ ಹೋಗುತ್ತದೆಯೇ ಎಂದು ವಿಚಾರಿಸಿ. ನಿಮ್ಮಂತೆ ಒಂದೇ ಆವರಣದಲ್ಲಿರುವ ಸಂಸ್ಥೆಗೆ ಎಕ್ಸ್‌ಚೇಂಜ್ ಕಚೇರಿಯೊಳಗೆ ಇರುವುದೇ ಮೇಲೆಂದು ನನಗನಿಸುತ್ತದೆ. ಫೋನ್‌ಗಳೊಡನೆ ಬರುವ ಗುಪ್ತಪದಗಳನ್ನು ಮೊದಲ ದಿನವೇ ಬದಲಿಸಿ, ವಿದೇಶದ ಕರೆಗಳನ್ನು ಮುಚ್ಚಿಸಿ. ಹೊರಗಿನವರು ಎಕ್ಸ್‌ಚೇಂಜಿಗೆ ನುಗ್ಗಿ ರಾತ್ರೋರಾತ್ರಿ ವಿದೇಶಕ್ಕೆ ಕರೆ ಮಾಡಿದರೆ ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ.

ಹೀಗೆ ನಿಮಗೆ ಬೇಕಾದದ್ದು 22 ಅಲ್ಲ, ಹನ್ನೆರಡು ಐಪಿ ಫೋನ್, ನಾಲ್ಕು ಅನಲಾಗ್ ಫೋನ್, ಆರು ಒಳ್ಳೆಯ ಹೆಡ್‌ಸೆಟ್. ಒಂದು ಸಾದಾ ಐಪಿ ಫೋನನ್ನು ಹೆಚ್ಚುವರಿಯಾಗಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಟಚ್‌ಸ್ಕ್ರೀನ್‌ನಲ್ಲಿ ಉಳಿದ ಹಣವನ್ನು ಪಿಒಇ ಸ್ವಿಚ್, ಯುಪಿಎಸ್ ಮತ್ತು ಫೈಬರಿಗೆ ತಿರುಗಿಸಿ. ಹೊಸ ಕಟ್ಟಡಕ್ಕೆ ಹೋದ ಮೇಲೂ ಹಳೆಯ ಇಪಿಎಬಿಎಕ್ಸನ್ನು ಕೂಡಲೇ ಮಾರಬೇಡಿ. ಮೊದಲ ತಿಂಗಳು ಅದನ್ನು ಹಳೆಯ ಕಟ್ಟಡದಲ್ಲೇ ಒಂದು ಲೈನಿನೊಂದಿಗೆ ಜೀವಂತ ಇಡಿ, ಹೊಸ ವ್ಯವಸ್ಥೆ ತಿಂಗಳ ಕೊನೆಯ ದಿನಗಳ ದಟ್ಟಣೆಯನ್ನು ಒಮ್ಮೆ ತಾಳಿಕೊಂಡಿದ್ದನ್ನು ನೋಡಿದ ಮೇಲೆ ಅದರ ತಂತಿ ಬಿಚ್ಚಿಸಿ.